ಮಳೆಗಾಲದಲ್ಲಿ ಕತ್ತು ಚಾಚಿದ ಸಕ್ಯುಲೆಂಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಉತ್ತರೆ ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಜಗಲಿಗಳಿಂದ ಒಂದೇ ಬಗೆಯ ದೂರು ಬರುತ್ತದೆ: ಬೇಸಿಗೆಯಲ್ಲಿ ಗುಂಡಗೆ, ಬಿಗಿಯಾಗಿದ್ದ ದಪ್ಪೆಲೆ ಗಿಡ ಈಗ ಸಪೂರವಾಗಿ ಉದ್ದಕ್ಕೆ ಹೋಗಿದೆ. ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು.

ಮೇ ತಿಂಗಳಲ್ಲಿ ತಂದ ಎಚೆವೇರಿಯಾ ತಾವರೆಯ ಹಾಗಿತ್ತು. ಮಳೆ ಶುರುವಾದ ಮೇಲೆ ಜಗಲಿಗೆ ತಂದಿಟ್ಟೆವು. ಈಗ ಅರ್ಧ ಗೇಣು ಕಾಂಡ ಬಂದು ಎಲೆಗಳು ಕೆಳಗೆ ಜೋತಿವೆ, ಬಣ್ಣವೂ ಬಿಳಿಚಿದೆ. ಹಸಿವಾಗಿರಬೇಕೆಂದು ಸಗಣಿ ಗೊಬ್ಬರ ಹಾಕಿದೆ, ಇನ್ನಷ್ಟು ಉದ್ದವಾಯಿತು. ಬಿಸಿಲಿಗಿಟ್ಟರೆ ಮೊದಲಿನ ಹಾಗೆ ಆಗುತ್ತದೆಯೇ?
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಆಗುವುದಿಲ್ಲ. ಉದ್ದವಾದ ಕಾಂಡ ಮತ್ತೆ ಕುಗ್ಗುವುದಿಲ್ಲ. ಬಿಸಿಲಿಗಿಟ್ಟರೆ ಇನ್ನು ಮುಂದೆ ಬರುವ ಎಲೆಗಳು ಒತ್ತಾಗಿ ಬರುತ್ತವೆ ಅಷ್ಟೆ. ಆಗ ಉದ್ದನೆಯ ಕೋಲಿನ ತುದಿಯಲ್ಲೊಂದು ಹೂವಿಟ್ಟ ಹಾಗೆ ಕಾಣುತ್ತದೆ. ಅದು ಒಪ್ಪಿತವಾದರೆ ಹಾಗೇ ಬಿಡಿ, ಗಿಡಕ್ಕೇನೂ ಕಾಯಿಲೆಯಿಲ್ಲ.

ಮೂಟೆಯ ತಳದಲ್ಲಿ ಉಳಿದ ಆಲೂಗಡ್ಡೆ ಕತ್ತಲೆಯಲ್ಲಿ ಬಿಳಿ ಮೊಳಕೆಯನ್ನು ಮೊಳದುದ್ದ ಬಿಡುತ್ತದಲ್ಲ, ಇಲ್ಲಿ ಆಗಿರುವುದೂ ಅದೇ. ಬೆಳಕು ಕಡಿಮೆಯಾದಾಗ ಆಕ್ಸಿನ್ ಎಂಬ ಹಾರ್ಮೋನಿನ ಪ್ರಭಾವದಿಂದ ಕಾಂಡದ ಜೀವಕೋಶಗಳು ಉದ್ದುದ್ದ ಹಿಗ್ಗುತ್ತವೆ. ಗೆಣ್ಣಿಗೂ ಗೆಣ್ಣಿಗೂ ಅಂತರ ಹೆಚ್ಚುತ್ತದೆ, ಸಿಕ್ಕಷ್ಟು ಬೆಳಕು ಹಿಡಿಯಲು ಎಲೆಗಳು ಮಲಗುತ್ತವೆ, ಕೆಂಪು ನೀಲಿ ಛಾಯೆ ಹೋಗಿ ತಿಳಿ ಹಸಿರು ಉಳಿಯುತ್ತದೆ. ಬಯಲಿನ ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆಯ ಮಾನ) ಇದ್ದರೆ ಆಷಾಢದ ಕವಿದ ಮೋಡದಡಿ ಅದು 10,000ದ ಆಸುಪಾಸಿಗೆ ಇಳಿಯುತ್ತದೆ. ಜಗಲಿಯ ಒಳಗೋಡೆಯ ಬಳಿ ಸಿಗುವುದು ಕೆಲವು ನೂರು ಮಾತ್ರ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಅದು ನಮಗೆ ಬೆಳಕಾಗಿಯೇ ತೋರುತ್ತದೆ. ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಅಳೆದು ನೋಡಿದರೆ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯುತ್ತದೆ. ಇಂಥ ಹೊತ್ತಿನಲ್ಲಿ ಗೊಬ್ಬರ, ನೀರು ಕೊಟ್ಟರೆ ಗಿಡ ಬೆಳೆಯುವುದು ನಿಜ, ಆದರೆ ಉದ್ದಕ್ಕೆ. ನಿಮ್ಮ ಸಗಣಿ ಗೊಬ್ಬರದ ಕೆಲಸ ಅದೇ.

ಮೊದಲಿನ ಆಕಾರ ಬೇಕಾದರೆ ತಲೆ ಕತ್ತರಿಸಿ ನೆಡಬೇಕು. ಆದರೆ ಇವತ್ತೇ ಬೇಡ. ಗಾಳಿಯಲ್ಲಿ ತೇವ ತುಂಬಿರುವಾಗ ಕತ್ತರಿಸಿದ ಗಾಯ ಆರದೆ ಬೂಸು ಹಿಡಿಯುತ್ತದೆ. ಮಲೆನಾಡಿನಲ್ಲಿ ಸಕ್ಯುಲೆಂಟ್ ಕೊಯ್ಲಿಗೆ ಒಳ್ಳೆಯ ಕಾಲ ಚಿತ್ತಾ, ಸ್ವಾತಿ ಮಳೆ ಕಳೆದ ಮೇಲೆ, ಅಂದರೆ ನವೆಂಬರ್ ಮೊದಲ ವಾರದಿಂದ ಫೆಬ್ರವರಿವರೆಗೆ. ನಾಲ್ಕೈದು ದಿನ ಬಿಡದೆ ಬಿಸಿಲು ಬಂದದ್ದನ್ನು ನೋಡಿಕೊಂಡು ಬ್ಲೇಡು ಹಿಡಿಯಿರಿ.

ಕತ್ತರಿಸುವ ಐದು ದಿನ ಮೊದಲೇ ನೀರು ನಿಲ್ಲಿಸಿ. ಹೊಸ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒತ್ತಾಗಿರುವ ಎಲೆಗಳ ಕೆಳಗೆ 2ರಿಂದ 3 ಸೆಂ.ಮೀ. ಕಾಂಡ ಉಳಿಯುವಂತೆ ಒಂದೇ ಏಟಿಗೆ ಕೊಯ್ಯಿರಿ. ಕತ್ತರಿಯಲ್ಲಿ ಕತ್ತರಿಸಿದರೆ ಮೆತ್ತನೆಯ ಕಾಂಡ ಜಜ್ಜುತ್ತದೆ. ಆ ಕಾಂಡಕ್ಕಂಟಿದ ಎಲೆಗಳನ್ನು ಬುಡಸಮೇತ ಬಿಡಿಸಿ. ತಲೆಯನ್ನು ಸಣ್ಣ ಲೋಟದ ಬಾಯಿಯ ಮೇಲೆ ಕಾಂಡ ಕೆಳಗೆ ಇಳಿಬೀಳುವಂತೆ ನೆಟ್ಟಗೆ ಕೂರಿಸಿ, ಗಾಳಿಯಾಡುವ ನೆರಳಿನಲ್ಲಿಡಿ. ಅಡ್ಡ ಮಲಗಿಸಿದರೆ ನಾಲ್ಕೇ ದಿನಕ್ಕೆ ತುದಿ ಬೆಳಕಿನ ಕಡೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗೆ ನೆಡಲಾಗದು. ಒಣ ಹವೆಯಲ್ಲಿ 5ರಿಂದ 7 ದಿನ, ತೇವದ ಹವೆಯಲ್ಲಿ 10 ದಿನ ಬೇಕು. ಕೊಯ್ದ ಮುಖ ಮಸುಕಾಗಿ, ಗಟ್ಟಿಯಾಗಿ, ಬೆರಳಿಗೆ ಪಸೆ ಅಂಟದಂತಾದರೆ ಆರಿದೆ ಎಂದರ್ಥ. ಗಾಯಕ್ಕೆ ಅರಿಸಿನ ಹಚ್ಚುವವರಿದ್ದಾರೆ. ಹಚ್ಚಿದರೆ ನಷ್ಟವಿಲ್ಲ, ಆದರೆ ಗಾಯ ಆರಿಸುವುದು ಗಾಳಿ. ಜೇನುತುಪ್ಪ ಮಾತ್ರ ಬೇಡ, ಇರುವೆ ಬರುತ್ತದೆ.

ಆರಿದ ತಲೆಯನ್ನು ಒಣ ಮಿಶ್ರಣದಲ್ಲಿ ನೆಟ್ಟು ಒಂದು ವಾರ ನೀರು ಮುಟ್ಟಿಸಬೇಡಿ. ಆಮೇಲೆ ಕುಂಡದ ಅಂಚಿನಗುಂಟ ನಾಲ್ಕೈದು ಚಮಚ ನೀರು. ಮೂರು ವಾರಕ್ಕೆ ಮೆಲ್ಲಗೆ ಎತ್ತಿ ನೋಡಿ, ಕೈಗೆ ಬಿಗಿ ಹತ್ತಿದರೆ ಬೇರು ಬಿಟ್ಟಿದೆ.

ಉಳಿದ ಮೋಟನ್ನು ಎಸೆಯುವವರೇ ಹೆಚ್ಚು. ಎಸೆಯಬೇಡಿ. 5ರಿಂದ 8 ಸೆಂ.ಮೀ. ಎತ್ತರ ಬಿಟ್ಟು, ಸಾಧ್ಯವಾದರೆ ಮೂರ್ನಾಲ್ಕು ಎಲೆಗಳನ್ನೂ ಉಳಿಸಿ ಬೆಳಕಿನಲ್ಲಿಡಿ. ಎರಡು ವಾರಕ್ಕೊಮ್ಮೆ ನೀರು ಸಾಕು. 3ರಿಂದ 6 ವಾರದಲ್ಲಿ ಹಳೆಯ ಎಲೆಗಳ ಗುರುತಿನಿಂದ ಮರಿಗಳು ಇಣುಕುತ್ತವೆ, ಒಂದರ ಜಾಗದಲ್ಲಿ ಎರಡೋ ಮೂರೋ ತಲೆ. ಹಾಗೆ ನೋಡಿದರೆ ಉದ್ದವಾದದ್ದು ಲಾಭವೇ.

ಕಾಯದೆ ಕತ್ತರಿಸಬೇಕಾದ ಸಂದರ್ಭ ಒಂದೇ: ಬುಡದಿಂದ ಕೊಳೆ ಏರುತ್ತಿದ್ದರೆ. ಕಾಂಡ ಕಪ್ಪಾಗಿ ಒತ್ತಿದರೆ ಕುಸಿಯುತ್ತದೆ. ಆಗ ಎಂಥ ಮಳೆಯಿದ್ದರೂ ಕೊಯ್ಯಿರಿ. ಕೊಯ್ದ ಮುಖದಲ್ಲಿ ಕಂದು ಉಂಗುರವೋ ಚುಕ್ಕೆಯೋ ಕಂಡರೆ ಇನ್ನೂ ಮೇಲೆ ಕೊಯ್ಯುತ್ತಾ ಹೋಗಿ, ಪ್ರತಿ ಸಲ ಬ್ಲೇಡ್ ಒರೆಸಿ, ಚುಕ್ಕೆಯಿಲ್ಲದ ತಿಳಿ ಮುಖ ಸಿಗುವವರೆಗೆ. ಒಣಗಿಸಲು ಫ್ರಿಜ್ಜಿನ ಮೇಲೆ ಅಥವಾ ಸಣ್ಣ ಫ್ಯಾನಿನ ಎದುರು ಇಡಿ.

ಶಿವಮೊಗ್ಗದಲ್ಲಿ ಮೂರನೇ ಮಹಡಿಯ ಮನೆ. ದಕ್ಷಿಣಕ್ಕೊಂದು, ಉತ್ತರಕ್ಕೊಂದು ಬಾಲ್ಕನಿ. ಸಕ್ಯುಲೆಂಟ್‌ಗೆ ಯಾವುದು? ಕಳೆದ ವರ್ಷ ಉದ್ದವಾದ ಗಿಡಗಳನ್ನು ಒಮ್ಮೆಲೇ ಬಿಸಿಲಿಗಿಟ್ಟು ಎಲೆಗಳೆಲ್ಲ ಸುಟ್ಟವು.
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಶಿವಮೊಗ್ಗ ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ. ಆಗ ಬಿಸಿಲು ಬೀಳುವುದು ಉತ್ತರದ ಬಾಲ್ಕನಿಗೆ, ಆದರೆ ಮೇ ಕಳೆದರೆ ಮೋಡ. ಸೆಪ್ಟೆಂಬರಿನಿಂದ ಸೂರ್ಯ ದಕ್ಷಿಣಕ್ಕೆ ಜಾರುತ್ತಾ ಹೋಗಿ ಡಿಸೆಂಬರಿನಲ್ಲಿ ಮಧ್ಯಾಹ್ನವೂ 53 ಡಿಗ್ರಿಗಿಂತ ಮೇಲೇರುವುದಿಲ್ಲ. ಸೂರು 8 ಅಡಿ ಎತ್ತರದಲ್ಲಿದ್ದರೆ ಆಗ ಬಿಸಿಲು ನೆಲದ ಮೇಲೆ ಸುಮಾರು 6 ಅಡಿ ಒಳಕ್ಕೆ ಬರುತ್ತದೆ. ಹಾಗಾಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ದಕ್ಷಿಣ, ಏಪ್ರಿಲ್ ಮೇ ತಿಂಗಳಲ್ಲಿ ಎರಡರಲ್ಲಿ ಬೆಳಗಿನ ಬಿಸಿಲು ಬೀಳುವ ಮೂಲೆ, ಮಳೆಗಾಲದಲ್ಲಿ ಯಾವ ಕಡೆ ಇರಚಲು ಹೊಡೆಯುವುದಿಲ್ಲವೋ ಆ ಕಡೆಯ ಸರಳಿಗೆ ತಾಗಿಸಿ. ಕುಂಡಗಳನ್ನು ವರ್ಷಕ್ಕೆ ಮೂರು ಸಲ ಎತ್ತಿಡುವ ಕೆಲಸ ಇದು, ಒಂದೇ ಜಾಗದಲ್ಲಿ ವರ್ಷವಿಡೀ ಚೆನ್ನಾಗಿರಲಿ ಎಂದರೆ ಇಲ್ಲಿ ನಡೆಯುವುದಿಲ್ಲ.

ಸುಟ್ಟದ್ದಕ್ಕೆ ಕಾರಣ ಆತುರ. ನೆರಳಿನಲ್ಲಿ ಬಂದ ಎಲೆಗೆ ಬಿಸಿಲು ತಡೆಯುವ ಮೇಣದ ಲೇಪವೂ ಕೆಂಪು ವರ್ಣವೂ ಕಡಿಮೆ. ಮೊದಲ ನಾಲ್ಕು ದಿನ ಬೆಳಗ್ಗೆ 8ರೊಳಗಿನ ಒಂದು ಗಂಟೆ ಬಿಸಿಲು, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಗಂಟೆ ಹೆಚ್ಚಿಸಿ, ಮೂರು ವಾರಕ್ಕೆ ನಾಲ್ಕೈದು ಗಂಟೆಗೆ ತನ್ನಿ. ಸುಟ್ಟ ಕಲೆ ಆ ಎಲೆ ಬೀಳುವವರೆಗೂ ಇರುತ್ತದೆ. ಕಲೆಯ ಎಲೆಗಳನ್ನು ಕಿತ್ತುಹಾಕಬೇಡಿ, ಅವು ಇನ್ನೂ ಗಿಡಕ್ಕೆ ಅನ್ನ ಬೇಯಿಸುತ್ತಿವೆ. ಮಾರ್ಚ್ ನಡುವಿನಿಂದ ಮೊದಲ ಮಳೆವರೆಗೆ ಪಡುವಣ ಬಿಸಿಲಿಗೆ 50 ಶೇಕಡಾ ನೆರಳಿನ ಹಸಿರು ಬಲೆ ಕಟ್ಟಿ.

ಎಚೆವೇರಿಯಾದ ನಡುವಿನಿಂದ ಅಲ್ಲ, ಪಕ್ಕದ ಎಲೆಗಳ ಸಂದಿನಿಂದ ಸಪೂರ ಕಡ್ಡಿಯೊಂದು ಬಂದು ಬಾಗಿದೆ. ಇದೂ ಬೆಳಕಿನ ಕೊರತೆಯೇ? ಕತ್ತರಿಸಲೇ?
— ಕೊಪ್ಪ

ಹೂವಿನ ಕಡ್ಡಿ. ತುದಿಯಲ್ಲಿ ಮೊಗ್ಗಿನ ಸಾಲು ಕಾಣುತ್ತದೆ. ಕತ್ತರಿಸಬೇಡಿ, ಹೂ ನೋಡಿ. ಹೂ ಒಣಗಿದ ಮೇಲೆ ಕಡ್ಡಿಯನ್ನು ಬುಡದಿಂದ ಅರ್ಧ ಇಂಚು ಬಿಟ್ಟು ಕೊಯ್ದರಾಯಿತು. ಗಿಡ ತೀರಾ ಸೊರಗಿದ್ದರೆ ಮಾತ್ರ ಈಗಲೇ ತೆಗೆಯಿರಿ.

ನಮ್ಮದು ಹಳೆಯ ಹಂಚಿನ ಮನೆ, ಸುತ್ತ ಅಡಿಕೆ ತೋಟ. ಹೊರಗಿಟ್ಟರೆ ಮಳೆಗೆ ಕೊಳೆಯುತ್ತದೆ, ಒಳಗಿಟ್ಟರೆ ಉದ್ದವಾಗುತ್ತದೆ. ಮಾಡಿನಲ್ಲಿ ಒಂದು ಗಾಜಿನ ಹಂಚಿದೆ, ಅದರ ಕೆಳಗಿಟ್ಟರೆ ಸಾಕೇ? ಮಣ್ಣಿನ ಮಿಶ್ರಣವನ್ನೂ ತಿಳಿಸಿ, ನೀರು ಬಸಿಯಲೆಂದು ಬೆರೆಸುವ ಪೇಟೆಯ ಪರ್ಲೈಟ್, ಪ್ಯೂಮಿಸ್ ಎಂಬ ಹಗುರ ಕಲ್ಲುಚೂರು ನಮಗೆ ಸಿಗುವುದಿಲ್ಲ.
— ಕೃಷಿಕರು, ಹೊಸನಗರ ತಾಲ್ಲೂಕು

ಮಲೆನಾಡಿನ ನಿಜವಾದ ಸಮಸ್ಯೆಯನ್ನು ನೀವು ಒಂದೇ ಸಾಲಿನಲ್ಲಿ ಹೇಳಿದಿರಿ. ಇಲ್ಲಿ ಬೆಳಕಿರುವ ಕಡೆಯೆಲ್ಲ ಮಳೆಯೂ ಇದೆ.

ಗಾಜಿನ ಹಂಚು ನೆಲಕ್ಕೆ ಸಾಲದು. ಹತ್ತಡಿ ಕೆಳಗಿನ ಕುಂಡಕ್ಕೆ ಅದು ಆಕಾಶದ ಒಂದು ಸಣ್ಣ ತುಂಡು ಮಾತ್ರ. ಹಂಚಿನಿಂದ ಎರಡಡಿ ಕೆಳಗೆ ಹಲಗೆ ತೂಗುಹಾಕಲು ಸಾಧ್ಯವಿದ್ದರೆ ನಾಲ್ಕು ಕುಂಡ ಬದುಕಬಹುದು. ಹಂಚಿನ ಮೇಲಿನ ಪಾಚಿಯನ್ನು ಮೃಗಶಿರಾ ಮಳೆಗೆ ಮುಂಚೆ ಉಜ್ಜಿ ತೆಗೆಯಬೇಕು.

ಇದಕ್ಕಿಂತ ಒಳ್ಳೆಯದು ಅಂಗಳದ ಕಡೆಯ ಸೂರಿಗೆ ಮೂರಡಿ ಅಗಲದ ಪಾರದರ್ಶಕ ಪಾಲಿಕಾರ್ಬನೇಟ್ ಶೀಟನ್ನು ಚಾಚಿ ಕಟ್ಟುವುದು. ಅದರಡಿ ಎರಡೂವರೆಯಿಂದ ಮೂರಡಿ ಎತ್ತರದ ಕಟ್ಟೆ ಅಥವಾ ಬೆಂಚು. ನೆಲದ ಮೇಲಿಟ್ಟರೆ ಅಂಗಳದಿಂದ ಸಿಡಿಯುವ ಕೆಸರಿನ ಹನಿಗಳ ಜೊತೆ ಕೊಳೆರೋಗದ ಶಿಲೀಂಧ್ರವೂ ಎಲೆಗೆ ಹತ್ತುತ್ತದೆ, ರಾತ್ರಿ ಸಿಂಬಳದ ಹುಳುಗಳೂ ಏರುತ್ತವೆ. ಮೂರು ಕಡೆ ಗಾಳಿಗೆ ತೆರೆದಿರಲಿ. ಪ್ಲಾಸ್ಟಿಕ್ ಹಾಳೆ ಹೊದಿಸಿ ಮುಚ್ಚಿದರೆ ಗಿಡ ಒಳಗೇ ಬೆವರಿ ಬೇಯುತ್ತದೆ.

ಶೀಟೂ ಆಗದಿದ್ದರೆ ದೀಪ. 20 ವ್ಯಾಟಿನ, 6500 ಕೆಲ್ವಿನ್ ಎಂದು ಬರೆದಿರುವ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಸಾಕು, ನೇರಳೆ ಬಣ್ಣದ ದುಬಾರಿ ದೀಪ ಬೇಡ. ಗಿಡದ ತುದಿಯಿಂದ 15–20 ಸೆಂ.ಮೀ. ಮೇಲೆ ಇರಬೇಕು. ಸೂರಿನಲ್ಲಿರುವ ಟ್ಯೂಬ್‌ಲೈಟ್ ಇದಕ್ಕೆ ಲೆಕ್ಕಕ್ಕಿಲ್ಲ. ದಿನಕ್ಕೆ 12ರಿಂದ 14 ಗಂಟೆ ಉರಿಸಿ. ನಾಲ್ಕಡಿಯ ಟ್ಯೂಬಿನ ಕೆಳಗೆ 4 ಇಂಚಿನ ಹತ್ತು ಕುಂಡಗಳ ಒಂದು ಸಾಲು ಹಿಡಿಸುತ್ತದೆ, ತಿಂಗಳಿಗೆ 8 ಯೂನಿಟ್ ವಿದ್ಯುತ್. ಕರೆಂಟ್ ಎರಡು ದಿನ ಹೋದರೆ ಗಾಬರಿ ಬೇಡ, ಆ ಎರಡು ದಿನ ನೀರು ಕೊಡದಿದ್ದರಾಯಿತು.

ಮಿಶ್ರಣಕ್ಕೆ ನಿಮ್ಮ ಹಿತ್ತಲಲ್ಲೇ ಪ್ಯೂಮಿಸ್‌ಗೆ ಸಮನಾದದ್ದು ಬಿದ್ದಿದೆ: ಒಡೆದ ಹಂಚು. ಗೋಣಿಚೀಲದಲ್ಲಿ ಹಾಕಿ ಕುಟ್ಟಿ, ಜರಡಿ ಹಿಡಿದು ಕಡಲೆಕಾಳಿಗಿಂತ ಸಣ್ಣ, ರಾಗಿಗಿಂತ ದಪ್ಪ ಇರುವುದನ್ನು ಆರಿಸಿಕೊಳ್ಳಿ. ಪುಡಿಯನ್ನು ತೊಳೆದು ಚೆಲ್ಲಿ. ಈ ಚೂರು 2 ಪಾಲು, ದಪ್ಪ ಮರಳು 1 ಪಾಲು, ಅದೇ ಗಾತ್ರದ ಇದ್ದಿಲು ಚೂರು 1 ಪಾಲು, ಚೆನ್ನಾಗಿ ಕಳಿತ ಒಣ ಗೊಬ್ಬರ 1 ಪಾಲು. 4 ಇಂಚಿನ ಕುಂಡಕ್ಕೆ ಸುಮಾರು ಅರ್ಧ ಲೀಟರ್ ಬೇಕು. ಎಂ-ಸ್ಯಾಂಡ್ ಬಳಸುವುದಾದರೆ ಅದರ ಹಿಟ್ಟಿನಂಥ ಪುಡಿಯನ್ನು ಪೂರ್ತಿ ತೊಳೆಯಲೇಬೇಕು, ಇಲ್ಲವೆಂದರೆ ಎರಡು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿ ಹೆಪ್ಪಾಗುತ್ತದೆ. ಜಂಬಿಟ್ಟಿಗೆ ಚೂರು ನೋಡಲು ಚಂದ, ಆದರೆ ಬಹಳ ಸಲ ಕರಗಿ ಜೇಡಿಯಾಗುತ್ತದೆ. ಒಂದು ರಾತ್ರಿ ನೀರಿನಲ್ಲಿಟ್ಟು ಕರಗದೆ ಉಳಿದದ್ದನ್ನು ಮಾತ್ರ ತೆಗೆದುಕೊಳ್ಳಿ. ಅಡಿಕೆ ಸಿಪ್ಪೆ ಬೇಡ, ಅದು ನೀರನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಬಚ್ಚಲೊಲೆಯ ಬೂದಿಯೂ ಬೇಡ, ಅದು ಕ್ಷಾರ. ಕುಂಡ ತುಂಬಿ ಒಂದು ಲೋಟ ನೀರು ಸುರಿದಾಗ ಹತ್ತು ಸೆಕೆಂಡಿನೊಳಗೆ ತಳದಿಂದ ಇಳಿದರೆ ಮಿಶ್ರಣ ಸರಿಯಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಚೆವೇರಿಯಾದಂಥವಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ನೀರು, ಎಲೆ ಗಟ್ಟಿಯಾಗಿದ್ದರೆ ಅದೂ ಬೇಡ. ಈ ಗಿಡಗಳಲ್ಲಿ ಹೆಚ್ಚಿನವು ಎಲೆಯ ರಂಧ್ರ ತೆರೆಯುವುದು ರಾತ್ರಿ. ರಾತ್ರಿಯ ಗಾಳಿಯೇ ಒದ್ದೆಯಾಗಿರುವಾಗ ಅವು ಕಳೆದುಕೊಳ್ಳುವ ನೀರು ಅತ್ಯಲ್ಪ.

ಇಷ್ಟೆಲ್ಲ ಆಗದು ಎನ್ನುವವರು ಎಚೆವೇರಿಯಾ, ಸೀಡಂಗಳ ಆಸೆ ಬಿಟ್ಟು ಹಾವರ್ಥಿಯಾ, ಗ್ಯಾಸ್ಟೇರಿಯಾ, ಸ್ನೇಕ್ ಪ್ಲಾಂಟ್ ಇಟ್ಟುಕೊಳ್ಳುವುದು ಜಾಣತನ. ಅವು ಜಗಲಿಯ ಅಂಚಿನ ಬೆಳಕಿಗೂ ಆಕಾರ ಕೆಡಿಸಿಕೊಳ್ಳುವುದಿಲ್ಲ.

ಕತ್ತರಿಸುವಾಗ ಉದುರಿದ ಎಲೆಗಳನ್ನು ಮಣ್ಣಿಗೆ ಚುಚ್ಚಿ ದಿನಾ ನೀರು ಚಿಮುಕಿಸಿದೆ. ಅರ್ಧದಷ್ಟು ಕೊಳೆತವು, ಕೆಲವಕ್ಕೆ ಬರೀ ಬೇರು ಬಂದು ಮರಿ ಬರಲಿಲ್ಲ. ಲೋಳೆಸರದ ಎಲೆಯಂತೂ ನೀರಾಗಿ ಹೋಯಿತು.
— ವಿದ್ಯಾರ್ಥಿನಿ, ಸಾಗರ

ಮೂರು ತಪ್ಪು: ಚುಚ್ಚಿದ್ದು, ಒಣಗಿಸದೆ ಇಟ್ಟದ್ದು, ಬೇರಿಗೆ ಮುಂಚೆ ನೀರು ಕೊಟ್ಟದ್ದು. ಎಲೆಯನ್ನು ಎಡಬಲಕ್ಕೆ ಅಲುಗಿಸುತ್ತಾ ಬುಡ ಹರಿಯದಂತೆ ಬಿಡಿಸಬೇಕು. ಮರಿ ಹುಟ್ಟುವ ಕಣ್ಣು ಆ ಬುಡದ ತುದಿಯಲ್ಲೇ ಇದೆ. ಅದು ಗಿಡದಲ್ಲೇ ಉಳಿದರೆ ನಿಮಗಾದ ಹಾಗೆ ಬೇರು ಬರುತ್ತದೆ, ಮರಿ ಬರುವುದಿಲ್ಲ. ಮೂರರಿಂದ ಐದು ದಿನ ನೆರಳಲ್ಲಿ ಒಣಗಿಸಿ, ಒಣ ಮಿಶ್ರಣದ ಮೇಲೆ ಸುಮ್ಮನೆ ಮಲಗಿಸಿಡಿ. ಎರಡು ಮೂರು ವಾರಕ್ಕೆ ಗುಲಾಬಿ ಬಣ್ಣದ ಎಳೆ ಬೇರು ಕಂಡ ಮೇಲೆ ನಾಲ್ಕು ದಿನಕ್ಕೊಮ್ಮೆ ಬೇರಿನ ಬಳಿ ಹನಿ ನೀರು. ಮರಿ ಬರಲು ಒಂದರಿಂದ ಎರಡು ತಿಂಗಳು. ತಾಯಿ ಎಲೆ ತಾನಾಗಿ ಸುಕ್ಕಿ ಒಣಗುವವರೆಗೆ ಕೀಳಬೇಡಿ, ಅದೇ ಬುತ್ತಿ. ಬೆಳಕಿಲ್ಲದೆ ಉದ್ದವಾದ ಗಿಡದ ಎಲೆಯಿಂದ ಬರುವ ಮರಿ ಬೆಳಕಿನಲ್ಲಿದ್ದರೆ ಸರಿಯಾಗಿಯೇ ಬರುತ್ತದೆ.

ಎಲೆಯಿಂದ ಸುಲಭವಾಗಿ ಬರುವುದು ಗ್ರಾಪ್ಟೊಪೆಟಲಂ, ಎಚೆವೇರಿಯಾ, ಸೀಡಂ. ನಮ್ಮ ಬೇಲಿಯಂಚಿನ ಕಾಡುಬಸಳೆ ಎಲೆಯಂಚಿನಲ್ಲೇ ಮರಿ ಹಾಕುತ್ತದೆ, ಅದನ್ನು ನೋಡಿ ಎಲ್ಲ ಗಿಡವೂ ಹಾಗೇ ಎಂದುಕೊಳ್ಳುತ್ತೇವೆ. ಲೋಳೆಸರ ಎಲೆಯಿಂದ ಬರುವುದೇ ಇಲ್ಲ, ಬುಡದ ಮರಿ ಬಿಡಿಸಿ ನೆಡಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ತುಂಡಿನಿಂದ ಬರುತ್ತದೆ, ಆದರೆ ಮರಿಗೆ ಹಳದಿ ಅಂಚಿರುವುದಿಲ್ಲ.

ಜೇಡ್ ಗಿಡ ಎರಡಡಿ ಆಗಿ ಒಂದೇ ಕಡೆ ವಾಲಿದೆ. ಪಕ್ಕದಲ್ಲಿರುವ ಕಳ್ಳಿಯ ತುದಿ ಪೆನ್ಸಿಲಿನ ಹಾಗೆ ಸಣ್ಣಗಾಗಿದೆ. ಎರಡನ್ನೂ ಕತ್ತರಿಸಬಹುದೇ?
— ಶಿಕ್ಷಕರು, ಶೃಂಗೇರಿ

ನಮ್ಮಲ್ಲಿ ಜೇಡ್ ಎಂದು ಮಾರುವುದು ಬಹುಪಾಲು ಪೋರ್ಟುಲಕೇರಿಯಾ: ಬೆರಳ ಉಗುರಿನಷ್ಟು ಎಲೆ, ಕೆಂಗಂದು ಕಾಂಡ. ಎರಡಂಗುಲದ ಹೊಳಪಿನ ದಪ್ಪ ಎಲೆ, ಹಸಿರು ಕಾಂಡ ಇದ್ದರೆ ಕ್ರಾಸುಲಾ. ಎರಡಕ್ಕೂ ಕೊಯ್ಲಿನ ಕ್ರಮ ಒಂದೇ, ಆದರೆ ಮೊದಲನೆಯದು ಮಳೆಯ ತಪ್ಪುಗಳನ್ನು ಹೆಚ್ಚು ಕ್ಷಮಿಸುತ್ತದೆ. ಕಾಂಡದ ಮೇಲೆ ಉಂಗುರದಂಥ ಗೆಣ್ಣುಗಳಿವೆ. ಬೇಕಾದ ಎತ್ತರದ ಗೆಣ್ಣಿನಿಂದ ಅರ್ಧ ಸೆಂ.ಮೀ. ಮೇಲೆ ಕೊಯ್ದರೆ ಮೋಟು ಗೆಣ್ಣಿನವರೆಗೆ ಒಣಗಿ ಅಲ್ಲಿಂದ ಸಾಮಾನ್ಯವಾಗಿ ಎರಡು ಕವಲು ಬರುತ್ತವೆ. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಆಮೇಲೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ವಾಲುವುದಿಲ್ಲ.

ಕಳ್ಳಿಯ ಸಪೂರವಾದ ಭಾಗ ಮುಂದೆಂದೂ ದಪ್ಪವಾಗುವುದಿಲ್ಲ. ಅದರ ಮೇಲೆ ದಪ್ಪ ಬೆಳೆ ಬಂದರೆ ಸೊಂಟ ಮುರಿಯುತ್ತದೆ. ಸರಿಯಾದ ದಪ್ಪವಿರುವಲ್ಲಿಗೆ ಇಳಿದು ಕೊಯ್ಯಿರಿ, ತುಂಡನ್ನು ಎರಡರಿಂದ ಮೂರು ವಾರ ಒಣಗಿಸಿ. ಕೊಯ್ದಾಗ ಬಿಳಿ ಹಾಲು ಬಂದರೆ ಅದು ಪಾಪಾಸುಕಳ್ಳಿಯ ಜಾತಿಯಲ್ಲ, ಯೂಫೋರ್ಬಿಯಾ. ಆ ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ಅಪಾಯ. ಕೈಗವಸು ಹಾಕಿ, ಮಕ್ಕಳನ್ನು ದೂರವಿಡಿ, ಹಾಲು ನಿಲ್ಲುವವರೆಗೆ ಕೊಯ್ದ ಮುಖಕ್ಕೆ ತಣ್ಣೀರು ಹನಿಸಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.

ಉದ್ದವಾದ ಗಿಡದ ಎಲೆ ಸುಕ್ಕುಗಟ್ಟಿದೆ, ನೀರು ಹಾಕಿದರೂ ಹಾಗೇ ಇದೆ. ಎಲೆ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಾಣುತ್ತದೆ. ಕಾಂಡದಿಂದ ಗಾಳಿಯಲ್ಲಿ ಬೇರುಗಳೂ ಬಂದಿವೆ.
— ಓದುಗರು, ಭದ್ರಾವತಿ

ಗಾಳಿಯ ಬೇರಿಗೆ ತೇವದ ಹವೆ ಅಥವಾ ಬುಡದ ಬೇರಿನ ತೊಂದರೆ ಕಾರಣ. ಮಣ್ಣು ಒಣಗಿದ್ದು ಎಲೆ ಸುಕ್ಕಿದ್ದರೆ ಬಾಯಾರಿಕೆ, ನೀರು ಕೊಟ್ಟ ಎರಡು ಮೂರು ದಿನಕ್ಕೆ ತುಂಬಿಕೊಳ್ಳಬೇಕು. ಮಣ್ಣು ಒದ್ದೆಯಿದ್ದೂ ಸುಕ್ಕಿದ್ದರೆ ಬೇರು ಸತ್ತಿದೆ, ಇನ್ನಷ್ಟು ನೀರು ಕೊಟ್ಟರೆ ಗಿಡವೂ ಹೋಗುತ್ತದೆ. ಕುಂಡದಿಂದ ಕಿತ್ತು ನೋಡಿ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ದಾರ ಉಳಿದರೆ ತಲೆ ಕೊಯ್ದು ಹೊಸದಾಗಿ ಬೇರು ಬರಿಸುವುದೊಂದೇ ದಾರಿ.

ಬಿಳಿ ಹತ್ತಿ ಹಿಟ್ಟು ತಿಗಣೆ. ಬೆಳಕಿಲ್ಲದೆ ಮೆತ್ತಗಾದ ಎಳೆ ಬೆಳೆ ಅದಕ್ಕೆ ಇಷ್ಟ. ಇಯರ್ ಬಡ್ಡನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ ಒರೆಸಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ಪಾತ್ರೆ ತೊಳೆಯುವ ದ್ರವ ಕದಡಿ ಸಂಜೆ ಸಿಂಪಡಿಸಿ, ಎರಡು ದಿನ ಬಿಸಿಲಿಗಿಡಬೇಡಿ. ಮೊದಲು ಒಂದೆಲೆಗೆ ಹಾಕಿ ನೋಡಿ. ಎಲೆಯ ಮೈಮೇಲೆಲ್ಲ ಸಮನಾಗಿ ಹರಡಿರುವ ಬೂದು ಲೇಪವನ್ನು ಮಾತ್ರ ತಿಗಣೆಯೆಂದು ಒರೆಸಬೇಡಿ, ಅದು ಗಿಡದ್ದೇ ಮೇಣ. ಒಮ್ಮೆ ಹೋದರೆ ಆ ಎಲೆಗೆ ಮತ್ತೆ ಬರುವುದಿಲ್ಲ. ಕುಂಡದ ಒಳಗೋಡೆಯಲ್ಲೂ ಬಿಳಿ ಪುಡಿ ಕಂಡರೆ ತಿಗಣೆ ಬೇರಿಗಿಳಿದಿದೆ: ಮಣ್ಣನ್ನು ದೂರ ಸುರಿದು, ಬೇರು ತೊಳೆದು ಮೂರು ದಿನ ಒಣಗಿಸಿ, ಕುಂಡಕ್ಕೆ ಕುದಿಯುವ ನೀರು ಹೊಯ್ದ ಮೇಲೆಯೇ ಮತ್ತೆ ನೆಡಿ.